ಹನೋಯ್‌ನಲ್ಲಿ ಇಬ್ಬರಿಗೆ ಒಂದು ದಿನ: ಕಾಫಿ ತೋಟದವರು ಹೀಗೆ ಸುತ್ತಿ

ತೋಟದ ಮನೆಯಲ್ಲಿ ಗಂಡ ಹೆಂಡತಿ ಜೊತೆಯಾಗಿ ಕೂತು ಕಾಫಿ ಕುಡಿಯುವುದು ಕಡಿಮೆ. ಬೆಳಿಗ್ಗೆ ಇವರು ಕೆಲಸದವರನ್ನು ಕರೆತರಲು ಜೀಪ್ ಹತ್ತುತ್ತಾರೆ, ನಾನು ಒಲೆ ಮುಂದೆ ಇರುತ್ತೇನೆ. ಇಬ್ಬರೂ ನಿಂತೇ ಲೋಟ ಖಾಲಿ ಮಾಡುತ್ತೇವೆ. ಅದಕ್ಕೇ ಮೊದಲ ಸಲ ಹೊರದೇಶಕ್ಕೆ ಹೊರಟಾಗ ಒಂದು ಮಾತು ಮಾಡಿಕೊಂಡೆವು. ನೋಡುವ ಜಾಗ ಕಡಿಮೆಯಾದರೂ ಸರಿ, ಜೊತೆಗೆ ಕೂರುವ ಹೊತ್ತು ಜಾಸ್ತಿ ಇರಲಿ.

ಹೋಗಿದ್ದು ವಿಯೆಟ್ನಾಂನ ರಾಜಧಾನಿ ಹನೋಯ್‌ಗೆ. ಕರಿಮೆಣಸಿನ ದರ ಬಿದ್ದಾಗಲೆಲ್ಲ ನಮ್ಮಲ್ಲಿ ಕೇಳಿಬರುವ ಹೆಸರು ಆ ದೇಶದ್ದು. ರೊಬಸ್ಟಾ ಕಾಫಿ ಬೆಳೆಯುವುದರಲ್ಲಿ ಜಗತ್ತಿಗೇ ಅದು ಮೊದಲು. ಅಲ್ಲಿನ ಒಂದು ದಿನವನ್ನು ಹೇಗೆ ಜೋಡಿಸಿಕೊಳ್ಳಬಹುದು ಅಂತ ಇಲ್ಲಿ ಬರೆದಿದ್ದೇನೆ.

ಹೊರಡುವ ಮೊದಲು

ನಮ್ಮ ಕೆಲಸಕ್ಕೆ ಹೊಂದುವ ಸಮಯ ಅಕ್ಟೋಬರ್ ಕೊನೆ. ತುಲಾ ಸಂಕ್ರಮಣ ಮುಗಿದಿರುತ್ತದೆ, ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಇನ್ನೂ ದೂರ, ಅರೇಬಿಕಾ ಕಾಫಿಯ ಕುಯ್ಲು ಶುರುವಾಗಿರುವುದಿಲ್ಲ. ಹನೋಯ್‌ನಲ್ಲೂ ಆಗ ಸೆಕೆ ಇಳಿದು ಹಿತವಾಗಿರುತ್ತದೆ.

ವೀಸಾ ಬೇಕೇ ಬೇಕು. ವಿಯೆಟ್ನಾಂ ಸರ್ಕಾರದ ವೆಬ್‌ಸೈಟ್‌ನಲ್ಲೇ ಇ-ವೀಸಾಗೆ ಅರ್ಜಿ ಹಾಕಿ. ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಅದೇ ಥರ ಕಾಣುವ ಬೇರೆ ವೆಬ್‌ಸೈಟ್‌ಗಳು ಹೆಚ್ಚು ದುಡ್ಡು ಕೇಳುತ್ತವೆ, ಹುಷಾರಾಗಿರಿ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ.

ದುಡ್ಡಿನ ವಿಷಯ ಮಾತ್ರ ಮನೆಯಲ್ಲೇ ಕಲಿತು ಹೋಗಿ. ನಮ್ಮ ಒಂದು ರೂಪಾಯಿಗೆ ಸುಮಾರು 300 ಡಾಂಗ್. 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ. ಎರಡರ ಮೇಲೂ ಆ ದೇಶದ ಸ್ವಾತಂತ್ರ್ಯ ನಾಯಕ ಹೋ ಚಿ ಮಿನ್ ಅವರ ಚಿತ್ರವೇ ಇದೆ. ಒಂದು ನಮ್ಮ ಲೆಕ್ಕದಲ್ಲಿ ಎಪ್ಪತ್ತು ರೂಪಾಯಿಯೊಳಗೆ, ಇನ್ನೊಂದು ಸಾವಿರದ ಆರುನೂರಕ್ಕಿಂತ ಮೇಲೆ! ಹಣ್ಣು ಮಾರುವ ಹೆಂಗಸಿನ ಕೈಗೆ ಇವರು ದೊಡ್ಡ ನೋಟು ಕೊಟ್ಟೇಬಿಟ್ಟರು. ಆಕೆ ಸೊನ್ನೆಗಳ ಮೇಲೆ ಬೆರಳಿಟ್ಟು ತೋರಿಸಿ ವಾಪಸ್ ಕೊಟ್ಟಳು. ಅವಳನ್ನು ನಾವು ಮರೆಯುವುದಿಲ್ಲ. ಅವತ್ತಿನಿಂದ ದೊಡ್ಡ ನೋಟು ಇವರ ಜೇಬಲ್ಲಿ, ಚಿಲ್ಲರೆ ನನ್ನ ಪರ್ಸಲ್ಲಿ. ನೀವೂ ಹಾಗೇ ಮಾಡಿ.

ಬೆಳಿಗ್ಗೆ 6: ಕೆರೆಯ ದಂಡೆ

ಹೋನ್ ಕಿಯೆಮ್ ಕೆರೆಯ ಹತ್ತಿರವೇ ರೂಮ್ ಮಾಡಿ. ಬೆಳಿಗ್ಗೆ ಆರಕ್ಕೆ ಹೋದರೆ ಅಜ್ಜ ಅಜ್ಜಿಯರು ಗುಂಪಾಗಿ ವ್ಯಾಯಾಮ ಮಾಡುತ್ತಿರುತ್ತಾರೆ. ಹೋನ್ ಕಿಯೆಮ್ ಅಂದರೆ ಕತ್ತಿ ಹಿಂತಿರುಗಿಸುವುದು. ಹದಿನೈದನೇ ಶತಮಾನದಲ್ಲಿ ಚೀನಾದ ಸೈನ್ಯವನ್ನು ಸೋಲಿಸಿದ ಲೆ ಲೋಯಿ ಎಂಬ ರಾಜ, ದೇವರು ಕೊಟ್ಟ ಕತ್ತಿಯನ್ನು ಇಲ್ಲಿನ ಆಮೆಗೆ ಒಪ್ಪಿಸಿದನಂತೆ. ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದಲ್ಲಿ ಕೋವಿ ಕತ್ತಿಗೆ ಹೂವಿಡುವ ನಮಗೆ ಈ ಕಥೆ ಬೇಗ ಹತ್ತಿರವಾಗುತ್ತದೆ. ಕೆಂಪು ಮರದ ಸೇತುವೆ ದಾಟಿದರೆ ನೋಕ್ ಸೋನ್ ದೇವಸ್ಥಾನ. ಕೆರೆಯಲ್ಲಿದ್ದ ದೈತ್ಯ ಆಮೆಯ ದೇಹವನ್ನು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ತಿಂಡಿಗೆ ಫೋ ಕುಡಿಯಿರಿ. ಅಕ್ಕಿ ನೂಡಲ್ಸ್ ಹಾಕಿದ ಬಿಸಿ ಸಾರು ಅದು. ಎರಡು ಪದ ನೆನಪಿರಲಿ. ಗಾ ಅಂದರೆ ಕೋಳಿ, ಬೋ ಅಂದರೆ ದನದ ಮಾಂಸ. ಸಸ್ಯಾಹಾರಿಗಳು "ಅನ್ ಚೈ" ಎನ್ನಬೇಕು. ಕೇಳಲು ಚಹಾದ ಹಾಗಿದ್ದರೂ ಅದರ ಅರ್ಥ ಸಸ್ಯಾಹಾರ. ಮೀನಿನ ಸಾಸ್ ಅಲ್ಲಿ ಬಹಳ ಅಡುಗೆಗೆ ಬೀಳುತ್ತದೆ. ಹಾಗಾಗಿ "ತರಕಾರಿ" ಅಂತ ಕೇಳಿದರೆ ಸಾಲದು, "ಚೈ" ಬೋರ್ಡ್ ಇರುವ ಹೋಟೆಲನ್ನೇ ಹುಡುಕಿ.

9 ಗಂಟೆಗೆ: ಸಾಹಿತ್ಯ ಮಂದಿರ

ಬೆಳಗಿನ ಹೊತ್ತಿಗೆ ಒಂದೇ ಒಂದು ಜಾಗ ಸಾಕು. ನನ್ನ ಆಯ್ಕೆ 1070ರಲ್ಲಿ ಕಟ್ಟಿದ ಸಾಹಿತ್ಯ ಮಂದಿರ. ಗ್ರ್ಯಾಬ್ ಆ್ಯಪ್‌ನಲ್ಲಿ ಕಾರು ಕರೆದರೆ ದರ ಮೊದಲೇ ಗೊತ್ತಾಗುತ್ತದೆ. ಒಳಗೆ ಒಂದರ ಹಿಂದೆ ಒಂದರಂತೆ ಐದು ಅಂಗಳ. ರಾಜರ ಕಾಲದ ದೊಡ್ಡ ಪರೀಕ್ಷೆ ಪಾಸಾದವರ ಹೆಸರು ಕೆತ್ತಿದ 82 ಕಲ್ಲುಗಳಿವೆ, ಪ್ರತಿಯೊಂದೂ ಒಂದೊಂದು ಕಲ್ಲಾಮೆಯ ಬೆನ್ನ ಮೇಲೆ. ಒಂದು ಲಕ್ಷ ಡಾಂಗ್ ನೋಟಿನ ಹಿಂಬದಿಯಲ್ಲಿರುವುದು ಇಲ್ಲಿನ ಮಂಟಪವೇ. ನೋಟು ಎತ್ತಿ ಹಿಡಿದು ಹೋಲಿಸಿ ನೋಡಿ.

ಹೋ ಚಿ ಮಿನ್ ಸಮಾಧಿ ನೋಡಲೇಬೇಕು ಅನ್ನುವವರು ಇದರ ಬದಲು ಅಲ್ಲಿಗೆ ಹೋಗಿ. ಬೆಳಿಗ್ಗೆ ಮಾತ್ರ ತೆರೆದಿರುತ್ತದೆ, ಸೋಮವಾರ ಮತ್ತು ಶುಕ್ರವಾರ ರಜೆ. ಎರಡನ್ನೂ ಒಂದೇ ಬೆಳಿಗ್ಗೆ ತುರುಕಬೇಡಿ.

ಮಧ್ಯಾಹ್ನದ ಊಟ

ಹಂದಿ ಮಾಂಸ ತಿನ್ನುವವರು ಬುನ್ ಚಾ ಬಿಡಲೇಬಾರದು. ಅಂಗಡಿ ಮುಂದೆಯೇ ಕೆಂಡದ ಮೇಲೆ ಮಾಂಸ ಸುಡುತ್ತಾರೆ. ಹೊಗೆಯ ಜಾಡು ಹಿಡಿದು ಹೋದರೆ ಸಾಕು. ಹುಳಿ-ಸಿಹಿ ರಸದ ಬಟ್ಟಲಲ್ಲಿ ಸುಟ್ಟ ಮಾಂಸ, ಪಕ್ಕದಲ್ಲಿ ಬಿಳಿ ಅಕ್ಕಿ ಶಾವಿಗೆ, ಇನ್ನೊಂದು ತಟ್ಟೆ ತುಂಬ ಹಸಿ ಸೊಪ್ಪು. ಶಾವಿಗೆಯನ್ನು ಸ್ವಲ್ಪ ಸ್ವಲ್ಪವೇ ರಸದಲ್ಲಿ ಅದ್ದಿ ತಿನ್ನಬೇಕು. "ನೂಪುಟ್ಟು, ಪಂದಿಕರಿ ನೆನಪಾಗ್ತಿದೆ ಅಲ್ವಾ?" ಅಂದರು ಇವರು. ನಮ್ಮ ಪಂದಿಕರಿಗೆ ಹಾಕುವ ಕಾಚಂಪುಳಿಯ ಗಾಢ ಹುಳಿ ಅಲ್ಲಿಲ್ಲ, ಅದು ತಿಳಿ ಹುಳಿ. ಆದರೂ ಅಕ್ಕಿ ಶಾವಿಗೆಗೆ ಹಂದಿ ಮಾಂಸ ಜೋಡಿ ಅಂತ ಅಷ್ಟು ದೂರದ ಜನಕ್ಕೂ ಹೊಳೆದಿದೆಯಲ್ಲ ಅಂತ ಖುಷಿಯಾಯಿತು. 2016ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮ ಕೂಡ ಹನೋಯ್‌ನಲ್ಲಿ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು ಇದನ್ನೇ ತಿಂದಿದ್ದರು.

ಊಟ ಆದಮೇಲೆ ರೂಮಿಗೆ ಹೋಗಿ ಒಂದು ಗಂಟೆ ಮಲಗಿ. ಇದನ್ನು ಬಿಟ್ಟರೆ ಸಂಜೆ ಇಬ್ಬರಿಗೂ ಸಿಡುಕು.

3 ಗಂಟೆಗೆ: ಕೂತು ಕುಡಿಯುವ ಕಾಫಿ

ಇಡೀ ದಿನದಲ್ಲಿ ನನಗೆ ಇಷ್ಟವಾದ ಹೊತ್ತು ಇದು. 1946ರಲ್ಲಿ ಹನೋಯ್‌ನಲ್ಲಿ ಹಾಲಿಗೆ ಬರ. ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ನ್ಗುಯೆನ್ ವಾನ್ ಗಿಯಾಂಗ್ ಎಂಬುವರು ಹಾಲಿನ ಬದಲು ಮೊಟ್ಟೆಯ ಹಳದಿ ಭಾಗವನ್ನು ಕಡೆದು ಕಾಫಿಗೆ ಹಾಕಿದರು. ಅವರ ಹೆಸರಿನ ಕೆಫೆ ಹಳೇ ಪೇಟೆಯಲ್ಲಿ ಈಗಲೂ ನಡೆಯುತ್ತಿದೆ.

ಬಟ್ಟಲು ಆರದಿರಲಿ ಅಂತ ಬಿಸಿನೀರಿನಲ್ಲಿ ಇಟ್ಟು ಕೊಡುತ್ತಾರೆ. ಮೇಲೆ ಬೆಣ್ಣೆಯಂಥ ಹಳದಿ ನೊರೆ, ಕೆಳಗೆ ಕಪ್ಪು ರೊಬಸ್ಟಾ. ಕಲಕುವ ಮೊದಲು ನೊರೆಯನ್ನು ಚಮಚದಲ್ಲಿ ಎತ್ತಿ ತಿನ್ನಿ. ಆಮೇಲೆ ಕಾಫಿ ಕುಡಿಯಿರಿ. ಆ ಕಹಿ ನಾಲಗೆಗೆ ತಾಗಿದಾಗ ನಮ್ಮ ಕಣದಲ್ಲಿ ಒಣಗುವ ಕಾಫಿ ಚೆರ್ರಿಯ ವಾಸನೆಯೇ ಬಂದಂತಾಯಿತು. ನಾವು ಅಲ್ಲಿ ಒಂದೂವರೆ ಗಂಟೆ ಕೂತೆವು. ಮಕ್ಕಳು, ಸಾಲ, ಆನೆ ಕಾಟ, ಮದುವೆಯಾದ ಹೊಸತರಲ್ಲಿ ಸುರಿದ ಮಳೆ, ಎಲ್ಲ ಮಾತಾಡಿದೆವು.

ಸಂಜೆ

ಹಳೇ ಪೇಟೆಯಲ್ಲಿ ಬೀದಿಗೊಂದು ಕಸುಬು. ಹಾಂಗ್ ಬಾಕ್‌ನಲ್ಲಿ ಬೆಳ್ಳಿ, ಹಾಂಗ್ ಗಾಯ್‌ನಲ್ಲಿ ರೇಷ್ಮೆ. ಸ್ಕೂಟರ್‌ಗಳ ಹೊಳೆಯೇ ಹರಿಯುತ್ತದೆ. ರಸ್ತೆ ದಾಟುವಾಗ ಓಡಬೇಡಿ, ಹಿಂದೆ ಸರಿಯಬೇಡಿ. ಒಂದೇ ಹದದಲ್ಲಿ ನಿಧಾನ ನಡೆದರೆ ಅವರೇ ಸುತ್ತಿ ಹೋಗುತ್ತಾರೆ.

ಕತ್ತಲಾಗುವಾಗ ಕೆರೆ ಪಕ್ಕದ ಥಾಂಗ್ ಲಾಂಗ್ ರಂಗಮಂದಿರದಲ್ಲಿ ನೀರಿನ ಗೊಂಬೆಯಾಟ ನೋಡಿ. ಟಿಕೆಟ್ ಬೆಳಿಗ್ಗೆಯೇ ತೆಗೆದಿಡಿ. ನೀರು ನಿಂತ ಗದ್ದೆಯಲ್ಲಿ ರೈತರು ಶುರುಮಾಡಿದ ಆಟ ಇದು. ಆಡಿಸುವವರು ಬಿದಿರ ಪರದೆ ಹಿಂದೆ ಸೊಂಟದವರೆಗೆ ನೀರಲ್ಲಿ ನಿಂತಿರುತ್ತಾರೆ. ನಾಟಿ, ಎಮ್ಮೆ, ಬಾತುಕೋಳಿ ಕದಿಯುವ ನರಿ ಎಲ್ಲ ಬರುತ್ತವೆ. ಮಾತು ಅರ್ಥವಾಗದಿದ್ದರೂ ಗದ್ದೆ ಕಂಡವರಿಗೆ ಆಟ ಅರ್ಥವಾಗುತ್ತದೆ.

ರಾತ್ರಿಗೆ ಚಾ ಕಾ. ಅರಿಸಿನ ಹಚ್ಚಿದ ಮೀನನ್ನು ಮೇಜಿನ ಮೇಲೇ ಹುರಿದು, ಹಿಡಿಗಟ್ಟಲೆ ಸಬ್ಬಸಿಗೆ ಸೊಪ್ಪು, ಈರುಳ್ಳಿ ಸೊಪ್ಪು ಹಾಕುತ್ತಾರೆ. ಸಬ್ಬಸಿಗೆ ಬಾಣಲೆಗೆ ಬಿದ್ದ ಕ್ಷಣ ಬರುವ ಘಮಕ್ಕೇ ಹಸಿವಾಗುತ್ತದೆ.

ಮನೆಗೆ ಏನು ತರಬೇಕು

ಹಸಿ ಕಾಫಿ ಬೀಜ, ಗಿಡ ಖಂಡಿತ ತರಬೇಡಿ. ಅನುಮತಿ ಇಲ್ಲದೆ ತರುವಂತಿಲ್ಲ. ಕಾಫಿ ಹಣ್ಣು ಕೊರೆಯುವ ಹುಳ ಬೆರಿ ಬೋರರ್ 1990ರಲ್ಲಿ ಗೂಡಲೂರಿನಲ್ಲಿ ಕಾಣಿಸಿಕೊಂಡು ಆಮೇಲೆ ನಮ್ಮ ತೋಟಗಳಿಗೂ ಬಂದದ್ದು ನೆನಪಿದೆ ತಾನೇ?

ಫಿನ್ ತನ್ನಿ. ಲೋಟದ ಮೇಲೆ ಕೂರುವ ಸಣ್ಣ ಲೋಹದ ಫಿಲ್ಟರ್ ಅದು. ಕೆಳಗೆ ಎರಡು ಚಮಚ ಮಿಲ್ಕ್‌ಮೇಡ್, ಮೇಲೆ ನಮ್ಮದೇ ರೊಬಸ್ಟಾ ಪುಡಿ, ಸ್ವಲ್ಪ ಬಿಸಿನೀರು ಹಾಕಿ ಅರ್ಧ ನಿಮಿಷ ಬಿಟ್ಟು ಉಳಿದದ್ದು ಸುರಿಯಿರಿ. ಇಳಿಯಲು ಐದು ನಿಮಿಷ ಬೇಕು. ನಾವು ಎರಡು ತಂದಿದ್ದೇವೆ. ಭಾನುವಾರ ಅದು ತೊಟ್ಟಿಕ್ಕುವವರೆಗೆ ಇವರು ಜಗಲಿಯಲ್ಲಿ ಕೂತಿರುತ್ತಾರೆ, ನಾನೂ ಕೂರುತ್ತೇನೆ.