ನೊಸ್ಫೆರಾಟು: ಹಳೆಯದು, ಹೊಸದು ಎರಡನ್ನೂ ಒಂದೇ ಸಂಜೆ ಮನೆಯಲ್ಲಿ ನೋಡೋದು ಹೇಗೆ

ನಾನಿರುವ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಡಿಸೆಂಬರ್ ಬಂತೆಂದರೆ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ. ಕಳೆದ ಚಳಿಗಾಲದಲ್ಲಿ ಒಂದು ಶನಿವಾರ ಆ ಕತ್ತಲನ್ನು ಪೂರ್ತಿ ಬಳಸಿಕೊಂಡೆ. ಎಫ್. ಡಬ್ಲ್ಯು. ಮುರ್ನೌ 1922ರಲ್ಲಿ ಮಾಡಿದ, ರಕ್ತಪಿಶಾಚಿಯ ಕಥೆಯ ಮೂಕಿ ಸಿನಿಮಾ ನೊಸ್ಫೆರಾಟು ಮೊದಲು, ಅದೇ ಕಥೆಯನ್ನು ರಾಬರ್ಟ್ ಎಗ್ಗರ್ಸ್ 2024ರಲ್ಲಿ ಮತ್ತೆ ಮಾಡಿದ್ದು ಆಮೇಲೆ. ಮೈಸೂರಿನಲ್ಲಿರುವ ನನ್ನ ತಮ್ಮನಿಗೂ ಹಾಗೇ ನೋಡುವ ಆಸೆ. ಏನು ಕೊಳ್ಳಬೇಕು, ಟಿವಿ ಹೇಗೆ ಇಟ್ಟುಕೊಳ್ಳಬೇಕು ಅಂತ ಕೇಳಿದ. ಅವನಿಗೆ ಬರೆದದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ನನಗಾದದ್ದನ್ನು ಹೇಳುತ್ತೇನೆ. ಹೊಸ ಸಿನಿಮಾವನ್ನು ನಾನು ಮೊದಲ ಸಲ ನೋಡಿದ್ದು ಸ್ಟ್ರೀಮಿಂಗ್‌ನಲ್ಲಿ, ಟಿವಿ ಅಂಗಡಿಯಿಂದ ಬಂದ ಸೆಟ್ಟಿಂಗ್‌ನಲ್ಲೇ. ಕೋಟೆಯ ದೃಶ್ಯ ಬಂದಾಗ ಗೋಡೆಯ ನೆರಳೆಲ್ಲ ಚೌಕ ಚೌಕವಾಗಿ ಒಡೆದು ಕಾಣುತ್ತಿತ್ತು. ನನ್ನ ಹೆಂಡತಿ "ಏನೂ ಕಾಣ್ತಿಲ್ಲ, ಟಿವಿ ಹಾಳಾಗಿದ್ಯಾ?" ಅಂದಳು. ಬ್ರೈಟ್‌ನೆಸ್ ಏರಿಸಿದೆ. ಕಪ್ಪೆಲ್ಲ ಬೂದಿಯ ಬಣ್ಣಕ್ಕೆ ತಿರುಗಿತು. ಅರ್ಧಕ್ಕೇ ನಿಲ್ಲಿಸಿ ಮಲಗಿದೆವು. ಈ ಎರಡೂ ಸಿನಿಮಾಗಳ ಜೀವ ಇರುವುದು ರಾತ್ರಿಯಲ್ಲಿ. ಆ ರಾತ್ರಿ ಸರಿಯಾಗಿ ಮನೆಗೆ ಬರದಿದ್ದರೆ ಉಳಿದದ್ದು ಏನಿದ್ದರೂ ವ್ಯರ್ಥ.

ಹಳೆಯದರಿಂದಲೇ ಶುರು ಮಾಡಿ. ಅದು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಆದರೆ ಸಿಕ್ಕ ಪ್ರತಿಯನ್ನೆಲ್ಲ ನೋಡಬೇಡಿ. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ನಾವು ಅಂಥದ್ದೇ ಒಂದು ಕಪ್ಪು-ಬಿಳುಪು ಪ್ರತಿ ನೋಡಿದ್ದೆವು. ಕೌಂಟ್ ಓರ್ಲೋಕ್ ತನ್ನ ಶವಪೆಟ್ಟಿಗೆಯನ್ನು ಕಂಕುಳಲ್ಲಿ ಹಿಡಿದುಕೊಂಡು ಊರೊಳಗೆ ನಡೆದು ಬರುವ ದೃಶ್ಯವಿದೆಯಲ್ಲ, ಅಲ್ಲಿ ಮಟಮಟ ಮಧ್ಯಾಹ್ನದ ಬಿಸಿಲು! ರಕ್ತಪಿಶಾಚಿ ಬಿಸಿಲಲ್ಲಿ ಹೇಗೆ ತಿರುಗುತ್ತಾನೆ ಅಂತ ಎಲ್ಲರೂ ನಕ್ಕೆವು. ತಪ್ಪು ಸಿನಿಮಾದ್ದಲ್ಲ, ಆ ಪ್ರತಿಯದು. ಆ ಕಾಲದ ಫಿಲ್ಮ್‌ಗೆ ರಾತ್ರಿಯ ಬೆಳಕು ಸಾಲುತ್ತಿರಲಿಲ್ಲ. ಹಾಗಾಗಿ ರಾತ್ರಿಯ ದೃಶ್ಯಗಳನ್ನು ಹಗಲಲ್ಲಿ ಚಿತ್ರೀಕರಿಸಿ, ಆಮೇಲೆ ಫಿಲ್ಮ್‌ಗೆ ನೀಲಿ ಬಣ್ಣ ಹಾಕುತ್ತಿದ್ದರು. ಪ್ರೇಕ್ಷಕರಿಗೆ ನೀಲಿ ಅಂದರೆ ರಾತ್ರಿ. ಬಣ್ಣ ತೆಗೆದು ನಕಲು ಮಾಡಿದ ಪ್ರತಿಗಳಲ್ಲಿ ರಾತ್ರಿಯೇ ಅಳಿಸಿಹೋಗಿದೆ.

ಅದಕ್ಕೇ ಜರ್ಮನಿಯ ಮುರ್ನೌ ಫೌಂಡೇಶನ್ ಸರಿಪಡಿಸಿದ, ಬಣ್ಣ ಇರುವ ಪ್ರತಿಯನ್ನೇ ಹುಡುಕಿ. ಹಾನ್ಸ್ ಎರ್ಡ್‌ಮನ್ ಈ ಸಿನಿಮಾಗೆಂದೇ ಬರೆದ ಸಂಗೀತವನ್ನು ಮತ್ತೆ ಜೋಡಿಸಿ ಹಾಕಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಸುಮಾರು 94 ನಿಮಿಷ ಇರುತ್ತದೆ. ಗುರುತು ಹಿಡಿಯಲು ಸುಲಭದ ದಾರಿ ಒಂದಿದೆ: ನಡುವೆ ಬರುವ ಬರಹದ ಫಲಕಗಳಲ್ಲಿ ಹೆಸರು ನೋಡಿ. ರಕ್ತಪಿಶಾಚಿಗೆ ಓರ್ಲೋಕ್, ಅವನ ಕೋಟೆಗೆ ಹೋಗುವ ಯುವಕನಿಗೆ ಹುಟ್ಟರ್ ಅಂತಿರಬೇಕು. ಡ್ರಾಕುಲಾ, ಹಾರ್ಕರ್ ಅಂತಿದ್ದರೆ ಅದು ಬೇರೆ ದೇಶಕ್ಕೆಂದು ಹೆಸರು ಬದಲಿಸಿದ ಹಳೆಯ ನಕಲು. ಇಷ್ಟೊಂದು ಬಗೆಯ ಪ್ರತಿಗಳು ಇರುವುದಕ್ಕೆ ಕಾರಣವೂ ಇದೆ. ಡ್ರಾಕುಲಾ ಕಾದಂಬರಿಯನ್ನು ಅನುಮತಿ ಇಲ್ಲದೆ ಬಳಸಿದ್ದಾರೆ ಅಂತ ಲೇಖಕ ಬ್ರಾಮ್ ಸ್ಟೋಕರ್ ಅವರ ಹೆಂಡತಿ ಫ್ಲಾರೆನ್ಸ್ ಮೊಕದ್ದಮೆ ಹೂಡಿ ಗೆದ್ದರು. ಎಲ್ಲ ಪ್ರತಿಗಳನ್ನೂ ನಾಶ ಮಾಡಿ ಅಂತ 1925ರಲ್ಲಿ ಆದೇಶವಾಯಿತು. ಅಷ್ಟರಲ್ಲಿ ಒಂದಷ್ಟು ಪ್ರತಿಗಳು ಹೊರದೇಶ ಸೇರಿದ್ದವು. ನಾವು ಇವತ್ತು ನೋಡುತ್ತಿರುವುದು ಹಾಗೆ ಉಳಿದುಕೊಂಡದ್ದನ್ನು.

ಇನ್ನು ಹೊಸದು. ಇದನ್ನು ಡಿಸ್ಕ್‌ನಲ್ಲೇ ನೋಡಿ ಅಂತ ಒತ್ತಾಯ ಮಾಡುತ್ತೇನೆ. ಸ್ಟ್ರೀಮಿಂಗ್‌ನಲ್ಲಿ 4ಕೆ ಅಂತ ಬರೆದಿದ್ದರೂ ಸಾಮಾನ್ಯವಾಗಿ ಬರುವುದು ಸೆಕೆಂಡಿಗೆ 15ರಿಂದ 25 ಮೆಗಾಬಿಟ್ ಮಾಹಿತಿ. 4ಕೆ ಡಿಸ್ಕ್‌ನಲ್ಲಿ ಅದರ ಎರಡು ಮೂರು ಪಟ್ಟು ಇರುತ್ತದೆ. ಬೆಳಕಿನ ದೃಶ್ಯದಲ್ಲಿ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ನೆರಳಿನಲ್ಲಿ ಮಾತ್ರ ತಕ್ಷಣ ಗೊತ್ತಾಗುತ್ತದೆ. ನಾನು ಕಂಡ ಆ ಚೌಕಗಳು ಬಂದದ್ದು ಇದರಿಂದಲೇ.

ಕೊಳ್ಳುವಾಗ ಒಂದು ಎಚ್ಚರ. ಮಾಮೂಲಿ ಬ್ಲೂ-ರೇ ಡಿಸ್ಕ್‌ಗೆ ಪ್ರದೇಶದ ಬೀಗ ಇರಬಹುದು, ಅಂದರೆ ಒಂದು ಪ್ರದೇಶದ ಡಿಸ್ಕ್ ಇನ್ನೊಂದು ಪ್ರದೇಶದ ಪ್ಲೇಯರ್‌ನಲ್ಲಿ ಓಡುವುದಿಲ್ಲ: ಅಮೆರಿಕದ್ದು ಎ, ಯೂರೋಪಿನದು ಬಿ, ಭಾರತದ್ದು ಸಿ. ಕಪ್ಪು ಪೆಟ್ಟಿಗೆಯಲ್ಲಿ ಬರುವ 4ಕೆ ಡಿಸ್ಕ್‌ಗೆ ಆ ಬೀಗ ಇಲ್ಲ. ತಮ್ಮನಿಗೂ ಅದನ್ನೇ ಹೇಳಿದೆ. ಬೇರೆ ಪ್ಲೇಯರ್ ಕೊಳ್ಳಬೇಕಾಗಿಲ್ಲ, ಅವನ ಹತ್ತಿರ ಡಿಸ್ಕ್ ಹಾಕುವ ಪ್ಲೇಸ್ಟೇಷನ್ 5 ಇದೆ, ಅದು ಸಾಕು. ಬೆಳಕು-ಕತ್ತಲೆಯ ವ್ಯತ್ಯಾಸವನ್ನು ಹೆಚ್ಚು ಚೆನ್ನಾಗಿ ತೋರಿಸುವ ವಿಧಾನಗಳಲ್ಲಿ ಡಾಲ್ಬಿ ವಿಷನ್ ಅದರಲ್ಲಿ ಬರುವುದಿಲ್ಲ, ಎಚ್‌ಡಿಆರ್10 ಬರುತ್ತದೆ. ಅದೂ ಚೆನ್ನಾಗಿಯೇ ಕಾಣುತ್ತದೆ. ಥಿಯೇಟರಿನಲ್ಲಿ ಬಂದದ್ದು 132 ನಿಮಿಷ. ಅದರ ಜೊತೆಗೆ ನಾಲ್ಕು ನಿಮಿಷ ಜಾಸ್ತಿ ಇರುವ ಆವೃತ್ತಿಯೂ ಇದೆ. ಮೊದಲ ಸಲಕ್ಕೆ ಥಿಯೇಟರಿನದೇ ಇರಲಿ.

ಈಗ ಟಿವಿ. ರಿಮೋಟ್ ತೆಗೆದುಕೊಂಡು 'ವಿವಿಡ್' ಬಿಟ್ಟು 'ಫಿಲ್ಮ್‌ಮೇಕರ್' ಅಥವಾ 'ಸಿನಿಮಾ' ಮೋಡ್ ಹಾಕಿ. ಮೋಷನ್ ಸ್ಮೂದಿಂಗ್ ಪೂರ್ತಿ ಆಫ್ ಮಾಡಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ, ಟಿವಿ ಅದರ ನಡುವೆ ತನ್ನದೇ ಚಿತ್ರ ಸೇರಿಸಿದರೆ ಎಲ್ಲವೂ ಧಾರಾವಾಹಿ ಥರ ಕಾಣುತ್ತದೆ. ಕರೆಂಟ್ ಉಳಿಸುವ ಇಕೋ ಮೋಡ್, ಕೋಣೆಯ ಬೆಳಕು ನೋಡಿ ತಾನೇ ಬದಲಾಗುವ ಸೆನ್ಸರ್, ಎರಡೂ ಆಫ್. ಶಾರ್ಪ್‌ನೆಸ್ ಕೆಳಗಿಳಿಸಿ. ಹೊಸದನ್ನು 35 ಎಂಎಂ ಫಿಲ್ಮ್‌ನಲ್ಲಿ ಚಿತ್ರೀಕರಿಸಿದ್ದಾರೆ, ಆ ಸಣ್ಣ ಕಾಳು ಕಾಳಾದ ಮೈ ಹಾಗೇ ಕಾಣಬೇಕು. ಜೂಮ್ ಮಾಡಬೇಡಿ. ಚಿತ್ರದ ಅಗಲ ಎತ್ತರದ 1.66 ಪಟ್ಟು, ಟಿವಿ ಪರದೆಗಿಂತ ಕಡಿಮೆ ಅಗಲ, ಹಾಗಾಗಿ ಎರಡೂ ಪಕ್ಕದಲ್ಲಿ ಸಣ್ಣ ಕಪ್ಪು ಪಟ್ಟಿ ಇರುವುದೇ ಸರಿ. ಹಳೆಯದರಲ್ಲಿ ಆ ಪಟ್ಟಿ ಇನ್ನೂ ಅಗಲ.

ಕಪ್ಪಿನ ಮಟ್ಟ ಹೊಂದಿಸಲು ಸಿನಿಮಾದ ಒಂದು ದೃಶ್ಯವನ್ನೇ ಬಳಸಿ. ಹುಟ್ಟರ್ ಹಿಮ ಬೀಳುವ ಕಾಡಿನ ದಾರಿಯಲ್ಲಿ ಒಬ್ಬನೇ ನಿಂತಿರುತ್ತಾನೆ, ದೂರದಿಂದ ಕುದುರೆ ಗಾಡಿ ಬರುತ್ತದೆ. ಅಲ್ಲಿ ನಿಲ್ಲಿಸಿ. ಮರದ ಕಾಂಡಗಳು ಒಂದರಿಂದ ಒಂದು ಬೇರೆಯಾಗಿ ಕಾಣಬೇಕು, ಅವುಗಳ ನಡುವಿನ ಕಪ್ಪು ಕಪ್ಪಾಗಿಯೇ ಇರಬೇಕು. ಮರಗಳೆಲ್ಲ ಒಂದೇ ಮುದ್ದೆಯಾಗಿದ್ದರೆ ಬ್ರೈಟ್‌ನೆಸ್ ಒಂದೊಂದೇ ಅಂಕ ಏರಿಸಿ. ಕಪ್ಪು ಬೂದಿಯಾದ ಕೂಡಲೇ ಒಂದು ಹೆಜ್ಜೆ ಹಿಂದೆ ಬನ್ನಿ. ಹಿಮದಲ್ಲಿ ಬಣ್ಣವೇ ಇಲ್ಲ ಅಂತ ಕಲರ್ ಏರಿಸಲು ಹೋಗಬೇಡಿ. ಛಾಯಾಗ್ರಾಹಕ ಜೇರಿನ್ ಬ್ಲಾಶ್ಕೆ ಕೆಂಪು, ಹಳದಿ ಬೆಳಕನ್ನು ತಡೆಯುವ ಫಿಲ್ಟರ್ ಹಾಕಿ ಬೆಳದಿಂಗಳನ್ನು ಹಾಗೆ ಬಣ್ಣಗೆಡಿಸಿದ್ದಾರೆ. ಬೆಳದಿಂಗಳಲ್ಲಿ ಅಂಗಳಕ್ಕೆ ಇಳಿದು ನೋಡಿದರೆ ನಮ್ಮ ಕಣ್ಣಿಗೂ ಕೆಂಪು ದಾಸವಾಳ ಕೆಂಪಾಗಿ ಕಾಣುವುದಿಲ್ಲ, ಅಲ್ವಾ? ಆಗ ನೀಲಿ ಬಣ್ಣದಲ್ಲಿ ಅದ್ದಿದ ಫಿಲ್ಮ್, ಈಗ ಈ ಫಿಲ್ಟರ್. ನೂರು ವರ್ಷ ಬಿಟ್ಟು ಇಬ್ಬರೂ ಒಂದೇ ರಾತ್ರಿಯನ್ನು ಹುಡುಕಿದ್ದಾರೆ ಅನ್ನಿಸಿ ನನಗೆ ಮೈ ಜುಂ ಎಂದಿತು.

ಅದಾದ ಮೇಲೆ ಕೋಟೆಯೊಳಗಿನ ದೃಶ್ಯದಲ್ಲಿ ಓರ್ಲೋಕ್‌ನ ಮುಖ ಸರಿಯಾಗಿ ಕಾಣುವುದಿಲ್ಲ. ಅದು ಬೇಕೆಂದೇ ಮಾಡಿದ್ದು. ರಿಮೋಟ್ ದೂರ ಇಟ್ಟುಬಿಡಿ.

ಕೋಣೆಯ ವಿಷಯ ಸರಳ. ಕಿಟಕಿ ಮುಚ್ಚಿ, ದೀಪ ಆರಿಸಿ. ಸೆಟ್ ಟಾಪ್ ಬಾಕ್ಸಿನ, ರೌಟರಿನ ಪುಟ್ಟ ಲೈಟಿಗೆ ಒಂದು ಬಟ್ಟೆ ಹೊದಿಸಿ. ಕತ್ತಲೆಯ ದೃಶ್ಯದಲ್ಲಿ ಅಷ್ಟೇ ಬೆಳಕೂ ಕಣ್ಣಿಗೆ ಚುಚ್ಚುತ್ತದೆ.

ಧ್ವನಿಯಲ್ಲಿ ಎರಡು ಮಾತು. ಡಿಸ್ಕ್ ಹಾಕಿದ ಮೇಲೆ ಭಾಷೆ ಯಾವುದು ಬಂದಿದೆ ನೋಡಿ. ನನ್ನದು ಸೀದಾ ಜರ್ಮನ್ ಡಬ್ಬಿಂಗ್‌ನಲ್ಲಿ ಶುರುವಾಯಿತು. ಇಂಗ್ಲಿಷ್‌ಗೆ ಬದಲಿಸಲೇಬೇಕು, ಯಾಕೆಂದರೆ ಬಿಲ್ ಸ್ಕಾರ್ಸ್‌ಗಾರ್ಡ್ ಓರ್ಲೋಕ್ ಪಾತ್ರಕ್ಕಾಗಿ ಒಪೆರಾ ಗಾಯಕಿಯ ಹತ್ತಿರ ಪಾಠ ಹೇಳಿಸಿಕೊಂಡು ಧ್ವನಿ ಇಳಿಸಿದ್ದಾರೆ. ಪ್ರತಿ ಮಾತಿಗೂ ಮೊದಲು ಅವರು ಉಸಿರು ಎಳೆದುಕೊಳ್ಳುವ ಸದ್ದು ಕೇಳಿಸಬೇಕು. ಸಬ್‌ಟೈಟಲ್ ಹಾಕಿಕೊಳ್ಳಿ, ಆ ಭಾರವಾದ ಉಚ್ಚಾರಣೆ ಸುಲಭಕ್ಕೆ ಅರ್ಥವಾಗುವುದಿಲ್ಲ. ಎರಡನೆಯದು, ಸೌಂಡ್‌ಬಾರ್‌ನಲ್ಲಿ ನೈಟ್ ಮೋಡ್ ಇದ್ದರೆ ಆಫ್ ಮಾಡಿ. ಅದು ಪಿಸುಮಾತನ್ನೂ ಕಿರುಚಾಟವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಕೆಳಗಿನ ಮನೆಯವರಿಗೆ ತೊಂದರೆ ಆಗುತ್ತದೆ ಅನ್ನಿಸಿದರೆ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ನೋಡಿ.

ಸಮಯ ನಾವು ಹೀಗೆ ಹೊಂದಿಸಿಕೊಂಡೆವು. ಐದಕ್ಕೆ ಹಳೆಯದು ಶುರು, ಆರೂ ಮುಕ್ಕಾಲರ ಒಳಗೆ ಮುಗಿಯಿತು. ಬಿಸಿ ಬಿಸಿ ಅವಲಕ್ಕಿ ಒಗ್ಗರಣೆ, ಟೀ. ಏಳೂಕಾಲಿಗೆ ಹೊಸದು, ಒಂಬತ್ತೂವರೆಗೆ ಮುಗಿಯಿತು. ಇಲ್ಲಿ ರಾತ್ರಿ ಹತ್ತರ ಮೇಲೆ ಸದ್ದು ಮಾಡುವಂತಿಲ್ಲ, ಹಾಗಾಗಿ ಈ ಲೆಕ್ಕ ನಮಗೆ ಸರಿಹೋಯಿತು. ಊಟದ ತಟ್ಟೆ ಹಿಡಿದು ಹೊಸದನ್ನು ನೋಡಬೇಡಿ, ಇಲಿಗಳು ಹಿಂಡು ಹಿಂಡಾಗಿ ಬರುತ್ತವೆ. ಮಕ್ಕಳನ್ನು ಕೂರಿಸಿಕೊಳ್ಳಲೇಬೇಡಿ. ರಕ್ತ, ಬೆತ್ತಲೆ ದೇಹ ಎರಡೂ ಇವೆ. ಪುಟ್ಟ ಮಕ್ಕಳಿರುವ ಮನೆಯೊಂದರ ದೃಶ್ಯ ಇದೆ, ಅದನ್ನು ನೋಡಿ ನನ್ನ ಹೆಂಡತಿ ಎದ್ದು ಹೋಗಿ ಮಗಳ ಹೊದಿಕೆ ಸರಿಮಾಡಿ ಬಂದಳು.

ಜರ್ಮನಿ ಕಡೆ ಬರುವವರಿಗೆ ಇನ್ನೊಂದು ವಿಷಯ. ಹಳೆಯ ಸಿನಿಮಾದಲ್ಲಿ ಓರ್ಲೋಕ್ ಕೊಳ್ಳುವ ಪಾಳು ಮನೆ ಲ್ಯೂಬೆಕ್ ಊರಿನ ಉಪ್ಪಿನ ಉಗ್ರಾಣಗಳು. ಹ್ಯಾಂಬರ್ಗ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ಟ್ರಾವೆ ನದಿಯ ದಡದಲ್ಲಿ ಕೆಂಪು ಇಟ್ಟಿಗೆಯ ಆರು ಕಟ್ಟಡಗಳು ಇವತ್ತಿಗೂ ಹಾಗೇ ನಿಂತಿವೆ. ಸಿನಿಮಾ ನೋಡಿದ ಮೇಲೆ ಹೋಗಿ, ನೀರಿನ ಈಚೆ ದಡದಲ್ಲಿ ನಿಂತು ಆ ಕಿಟಕಿಗಳನ್ನು ನೋಡಿ.

ಕೊನೆಗೆ, ನೀವು ಹೊಂದಿಸಿದ ಸೆಟ್ಟಿಂಗನ್ನು ಡಿಸ್ಕ್ ಪ್ಲೇಯರ್ ಇರುವ ಎಚ್‌ಡಿಎಂಐ ಇನ್‌ಪುಟ್‌ಗೆ ಮಾತ್ರ ಉಳಿಸಿ, 'ಎಲ್ಲ ಇನ್‌ಪುಟ್‌ಗೂ ಅನ್ವಯಿಸು' ಅಂತ ಒತ್ತಬೇಡಿ. ಬೆಳಿಗ್ಗೆ ಮನೆಯವರು ಬಿಸಿಲು ತುಂಬಿದ ಕೋಣೆಯಲ್ಲಿ ಟಿವಿ ಹಾಕಿದಾಗ ಅವರಿಗೆ ಬೇಕಾದ ಬೆಳಕು ಅವರಿಗಿರುತ್ತದೆ.