ಮನೆಯಲ್ಲೇ ಕೂತು ಜಾರ್ಜಿಯಾ ಟೆಕ್ ಎಂ.ಎಸ್.: ಜನ ಎಡವುವುದು ಎಲ್ಲಿ?

ನನಗೆ ಗೊತ್ತಿರುವ ಆರೇಳು ಮಂದಿ ಈ ಎಂ.ಎಸ್.ಗೆ ಅರ್ಜಿ ಹಾಕಿದರು. ಮೂವರು ಅರ್ಜಿಯಲ್ಲೇ ಮುಗ್ಗರಿಸಿದರು. ಒಳ್ಳೇ ಮಾರ್ಕ್ಸ್ ಇದ್ದವರೇ, ದಿನಾ ಕೋಡ್ ಬರೆಯುವವರೇ. ಕೈಕೊಟ್ಟಿದ್ದು ಮಾತ್ರ ಶಿಫಾರಸು ಪತ್ರ. ಒಳಗೆ ಸೇರಿದವರಲ್ಲಿ ಇಬ್ಬರು ಮೊದಲ ವರ್ಷವೇ ಬಿಟ್ಟರು. ಹಾಗಾಗಿ ಈ ಎರಡು ಕಡೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಉಳಿದದ್ದೆಲ್ಲ ಫಾರಂ ತುಂಬುವ ಕೆಲಸ.

ಗೊತ್ತಿಲ್ಲದವರಿಗೆ: ಅಟ್ಲಾಂಟಾದ ಜಾರ್ಜಿಯಾ ಟೆಕ್ 2014ರ ಜನವರಿಯಲ್ಲಿ ಶುರುಮಾಡಿದ ಕಂಪ್ಯೂಟರ್ ಸೈನ್ಸ್ ಆನ್‌ಲೈನ್ ಎಂ.ಎಸ್. ಇದು. ಒಎಂಎಸ್‌ಸಿಎಸ್ ಅಂತ ಕರೆಯುತ್ತಾರೆ. ಒಟ್ಟು 10 ಕೋರ್ಸ್, 30 ಕ್ರೆಡಿಟ್. ಮುಗಿಸಲು 6 ವರ್ಷ ಟೈಮ್ ಇದೆ. ಇಡೀ ಪದವಿಗೆ 7,000 ಡಾಲರ್ ಆಸುಪಾಸು ಖರ್ಚು. ಪದವಿ ಪತ್ರದ ಮೇಲೆ 'ಆನ್‌ಲೈನ್' ಅನ್ನುವ ಪದ ಇರುವುದಿಲ್ಲ.

ಹೆಜ್ಜೆ 1: ಯಾಕೆ ಬೇಕು ಅಂತ ಕೇಳಿಕೊಳ್ಳಿ

ಅಮೆರಿಕಕ್ಕೆ ಹೋಗುವ ದಾರಿ ಅಂದುಕೊಂಡಿದ್ದರೆ ಇಲ್ಲೇ ನಿಲ್ಲಿಸಿ. ಈ ಕೋರ್ಸಿಗೆ ವಿದ್ಯಾರ್ಥಿ ವೀಸಾ ಸಿಗುವುದಿಲ್ಲ. ಇಲ್ಲಿ ಸರ್ಕಾರಿ ಕೆಲಸಕ್ಕೋ ಕಾಲೇಜಿನಲ್ಲಿ ಪಾಠ ಮಾಡಲಿಕ್ಕೋ ಬೇಕಿದ್ದರೆ, ವಿದೇಶಿ ಆನ್‌ಲೈನ್ ಪದವಿಗೆ ಮಾನ್ಯತೆ ಸಿಗುತ್ತದಾ ಅಂತ ದುಡ್ಡು ಕಟ್ಟುವ ಮೊದಲೇ ಬರಹದಲ್ಲಿ ಕೇಳಿ. ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳ ಮೇಲೆ 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಾಗ ಎಷ್ಟು ಜನ ತಲೆ ಮೇಲೆ ಕೈ ಹೊತ್ತು ಕೂತರು ಅನ್ನುವುದು ನೆನಪಿರಲಿ. ಖಾಸಗಿ ಕಂಪನಿಯಲ್ಲಿದ್ದುಕೊಂಡು ಓದುವ ಆಸೆ ಇದ್ದರೆ ಮುಂದೆ ಬನ್ನಿ.

ಹೆಜ್ಜೆ 2: ಕಾಗದ ಪತ್ರ

ಎಲ್ಲ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿ, ಬ್ಯಾಕ್‌ಲಾಗ್ ಇದ್ದರೆ ಅದನ್ನೂ. ನಿಮ್ಮ ಪರ್ಸೆಂಟೇಜನ್ನು 4ರ ಸ್ಕೇಲಿಗೆ ಇಳಿಸುವ ವೆಬ್‌ಸೈಟುಗಳ ಸಹವಾಸ ಬೇಡ, ಕಾರ್ಡಿನಲ್ಲಿ ಇದ್ದಂತೆ ಬರೆಯಿರಿ. ಜಿಆರ್‌ಇ ಪ್ರವೇಶ ಪರೀಕ್ಷೆ ಬೇಕಿಲ್ಲ. ಟೋಫೆಲ್ ಅಥವಾ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬೇಕು. ನಾವು ಇಂಗ್ಲಿಷ್ ಮೀಡಿಯಂ ಅಂದರೆ ಬಿಡುವುದಿಲ್ಲ. ಟೋಫೆಲ್ ಅಂಕ 2 ವರ್ಷ ಮಾತ್ರ ನಡೆಯುತ್ತದೆ, ಬೇಗ ಬರೆದು ಇಟ್ಟುಕೊಂಡರೆ ಲಾಭವಿಲ್ಲ.

ಹೆಜ್ಜೆ 3: ಶಿಫಾರಸು ಪತ್ರ

ಮೂರು ಪತ್ರ ಬೇಕು. ಅವನ್ನು ನೀವು ಅಪ್‌ಲೋಡ್ ಮಾಡುವಂತಿಲ್ಲ. ಅರ್ಜಿಯಲ್ಲಿ ಮೂವರ ಹೆಸರು, ಇಮೇಲ್ ತುಂಬುತ್ತೀರಿ. ಅವರಿಗೆ ನೇರ ಲಿಂಕ್ ಹೋಗುತ್ತದೆ. ಅವರೇ ತೆರೆದು ಪತ್ರ ಹಾಕಬೇಕು.

ನಾನು ಓದಿದ ಕಾಲೇಜಿನ ಮೇಷ್ಟ್ರಿಗೆ ಫೋನ್ ಮಾಡಿದೆ. "ಅದಕ್ಕೇನಂತೆ, ನೀನೇ ಬರೆದು ಕಳಿಸಪ್ಪ, ನಾನು ಹಾಕ್ತೀನಿ" ಅಂದರು. ಪ್ರೀತಿಯಿಂದ ಅಂದದ್ದೇ. ಆದರೆ ಕೆಡುವುದು ಇಲ್ಲೇ. ಮೂರನ್ನೂ ನೀವೇ ಬರೆದರೆ ಮೂರರಲ್ಲೂ ಅದೇ 'ಸಿನ್ಸಿಯರ್ ಅಂಡ್ ಹಾರ್ಡ್‌ವರ್ಕಿಂಗ್', ಅದೇ ವಾಕ್ಯ, ಕೊನೆಗೆ ಅದೇ ಸ್ಪೆಲಿಂಗ್ ತಪ್ಪು. ಓದುವವರು ದಡ್ಡರಲ್ಲ. ನನ್ನ ಪರಿಚಯದವನೊಬ್ಬ ಮೇಷ್ಟ್ರ ಹೆಸರಿನಲ್ಲಿ ತಾನೇ ಜಿಮೇಲ್ ಖಾತೆ ತೆರೆದು ಪತ್ರ ಹಾಕಿಕೊಂಡ. ಅದು ಶಾರ್ಟ್‌ಕಟ್ ಅಲ್ಲ, ಮೋಸ. ಸಿಕ್ಕಿಬಿದ್ದರೆ ಪದವಿಯೂ ಹೋಗಬಹುದು.

ಹೀಗೆ ಮಾಡಿ. ಕಾಲೇಜಿಗೆ ಖುದ್ದಾಗಿ ಹೋಗಿ. ನಾನು ಶನಿವಾರ ಬೆಳಗಿನ ಬಸ್ಸು ಹಿಡಿದು, ಪ್ರಾಜೆಕ್ಟ್ ರಿಪೋರ್ಟ್ ಬ್ಯಾಗಿಗೆ ಹಾಕಿಕೊಂಡು ಹೋದೆ. ಸ್ಟಾಫ್ ರೂಮಿನಲ್ಲಿ ಮೇಷ್ಟ್ರು ಪುಟ ತಿರುವುತ್ತಾ ತಿರುವುತ್ತಾ ನಕ್ಕರು. "ಲ್ಯಾಬ್ ಎಕ್ಸಾಮಿನಲ್ಲಿ ಕರೆಂಟ್ ಹೋದಾಗ ಇಡೀ ಪ್ರೋಗ್ರಾಂ ಪೇಪರ್ ಮೇಲೆ ಬರೆದು ಓಡಿಸಿ ತೋರಿಸಿದವನು ನೀನೇ ಅಲ್ವೇನೋ?" ಸರ್, ಅದನ್ನೇ ಬರೀರಿ, ಅಂದೆ. ಅಂಥ ಒಂದು ಘಟನೆ ಹತ್ತು 'ಎಕ್ಸಲೆಂಟ್'ಗೆ ಸಮ.

ಕೈಯಲ್ಲಿ ಒಂದು ಪುಟದ ಟಿಪ್ಪಣಿ ಕೊಟ್ಟು ಬನ್ನಿ: ಅವರು ಪಾಠ ಮಾಡಿದ ವಿಷಯ, ಬಂದ ಮಾರ್ಕ್ಸು, ಮಾಡಿದ ಪ್ರಾಜೆಕ್ಟು, ಕೊನೆಯ ದಿನಾಂಕ. ಪತ್ರ ಅವರೇ ಬರೆಯಲಿ. ಕಾಲೇಜಿನ ಇಮೇಲ್ ಇದ್ದರೆ ಒಳ್ಳೆಯದು, ಆದರೆ ಅದನ್ನು ಅವರು ತೆರೆಯುತ್ತಾರಾ ಕೇಳಿ. ಲಿಂಕ್ ಕಳಿಸಿದ ದಿನವೇ ಫೋನ್ ಮಾಡಿ "ಸರ್, ಸ್ಪ್ಯಾಮಿನಲ್ಲಿ ಒಮ್ಮೆ ನೋಡ್ತೀರಾ?" ಅನ್ನಿ. ಸಾಮಾನ್ಯವಾಗಿ ಅಲ್ಲೇ ಬಿದ್ದಿರುತ್ತದೆ. ಆರು ವಾರ ಮುಂಚೆ ಕೇಳಿ. ಮೌಲ್ಯಮಾಪನದ ಸಮಯದಲ್ಲಿ ಕೇಳಬೇಡಿ. ನಾಲ್ಕನೆಯವರೊಬ್ಬರನ್ನು ಒಪ್ಪಿಸಿ ಇಟ್ಟುಕೊಳ್ಳಿ. ಪತ್ರ ನೋಡುವ ಹಕ್ಕು ಬಿಟ್ಟುಕೊಡುತ್ತೀರಾ ಅಂತ ಅರ್ಜಿಯಲ್ಲಿ ಕೇಳುತ್ತಾರೆ. ಬಿಟ್ಟುಕೊಡಿ.

ಕಂಪನಿಯಿಂದಾದರೆ ನಿಮ್ಮ ಕೋಡ್ ನೋಡಿದವರು ಬರೆಯಬೇಕು. ಎಚ್.ಆರ್. ಕೊಡುವ ಸರ್ಟಿಫಿಕೇಟು ಶಿಫಾರಸು ಪತ್ರ ಅಲ್ಲ.

ಹೆಜ್ಜೆ 4: ಉದ್ದೇಶ ಪತ್ರ

ಈ ಪದವಿ ಯಾಕೆ ಬೇಕು ಅಂತ ಹೇಳುವ ಪತ್ರ ಇದು. ನೀವೇ ಬರೆಯಿರಿ. ಬಾಲ್ಯದಲ್ಲಿ ಕಂಪ್ಯೂಟರ್ ಕಂಡು ಬೆರಗಾದ ಕಥೆ ಬೇಡ. 'ಗ್ಯಾರಂಟಿ ಅಡ್ಮಿಷನ್' ಅಂತ ಬೋರ್ಡ್ ಹಾಕಿಕೊಂಡವರು ಸಾವಿರಾರು ರೂಪಾಯಿ ತೆಗೆದುಕೊಂಡು ಕೊಡುವುದು ಆ ಕಥೆಯನ್ನೇ.

ಹೆಜ್ಜೆ 5: ಮೊದಲ ವರ್ಷ

ಸೀಟು ಸಿಕ್ಕಿದ ಖುಷಿಯಲ್ಲಿ ಎರಡು ಕೋರ್ಸ್ ತೆಗೆದುಕೊಳ್ಳುವವರೇ ಜಾಸ್ತಿ. ಬೇಡ. ಕೆಲಸದಲ್ಲಿದ್ದವರಿಗೆ ಒಂದೇ ಸಾಕು. ಕೋರ್ಸ್ ಎಷ್ಟೇ ಇರಲಿ ಸೆಮಿಸ್ಟರಿಗೊಂದು ಸಲ ಬೇರೆ ಶುಲ್ಕ ಇದೆ, ಹಾಗಾಗಿ ನಿಧಾನಕ್ಕೆ ಓದಿದರೆ ಖರ್ಚು ಕೊಂಚ ಏರುತ್ತದೆ. ಏರಲಿ ಬಿಡಿ.

ನಿಯಮ ಒಂದಿದೆ: ಮೊದಲ 12 ತಿಂಗಳಲ್ಲಿ ಫೌಂಡೇಷನಲ್ (ಬುನಾದಿ) ಪಟ್ಟಿಯ ಎರಡು ಕೋರ್ಸಿನಲ್ಲಿ ಬಿ ಗ್ರೇಡ್ ಅಥವಾ ಮೇಲೆ ಬರಲೇಬೇಕು. ಹೊಸಬರಿಗೆ ನೋಂದಣಿ ಸರದಿ ಕೊನೆಗೆ ಬರುತ್ತದೆ, ಬೇಕಾದದ್ದು ಭರ್ತಿಯಾಗಿರಬಹುದು. ಎರಡು ಮೂರು ಆಯ್ಕೆ ಬರೆದಿಟ್ಟುಕೊಳ್ಳಿ. ಬಿಟ್ಟುಹೋದ ಇಬ್ಬರೂ ಗ್ರಾಜುಯೇಟ್ ಇಂಟ್ರೊಡಕ್ಷನ್ ಟು ಆಪರೇಟಿಂಗ್ ಸಿಸ್ಟಮ್ಸ್‌ನಿಂದ ಶುರುಮಾಡಿದವರು. ಅದ್ಭುತ ಕೋರ್ಸು, ಆದರೆ ಮೊದಲ ಪ್ರಾಜೆಕ್ಟೇ ಸಿ ಭಾಷೆಯಲ್ಲಿ ಮಲ್ಟಿ-ಥ್ರೆಡ್ ಫೈಲ್ ಸರ್ವರ್. ಹತ್ತು ವರ್ಷ ಜಾವಾ ಬರೆದವರಿಗೆ ಪಾಯಿಂಟರ್ ಮರೆತೇ ಹೋಗಿರುತ್ತದೆ. ನನ್ನ ಮಾತು ಕೇಳುವುದಾದರೆ ಸಾಫ್ಟ್‌ವೇರ್ ಡೆವಲಪ್‌ಮೆಂಟ್ ಪ್ರೋಸೆಸ್‌ನಿಂದ ಶುರುಮಾಡಿ, ಆ ನಾಲ್ಕು ತಿಂಗಳಲ್ಲಿ ಸಿ ತಿದ್ದಿಕೊಳ್ಳಿ.

ಬೆನ್ನು ಬಾಗಿತು ಅನಿಸಿದರೆ ನಿಗದಿತ ದಿನದೊಳಗೆ ಕೋರ್ಸ್ ಬಿಡಿ. ಗ್ರೇಡ್ ಬದಲು ಡಬ್ಲ್ಯೂ (ವಿತ್‌ಡ್ರಾ) ಬೀಳುತ್ತದೆ, ಸರಾಸರಿ ಕೆಡುವುದಿಲ್ಲ. ಪದವಿಗೆ 4ಕ್ಕೆ 3.0 ಗ್ರೇಡ್ ಸರಾಸರಿ (ಜಿಪಿಎ) ಬೇಕು, ಹಠ ಮಾಡಿ ಡಿ ತಂದುಕೊಂಡರೆ ಅದನ್ನು ಮೇಲೆತ್ತುವುದು ಕಷ್ಟ. ಇನ್ನು, ಗಿಟ್‌ಹಬ್‌ನಲ್ಲಿ ಹಳೇ ಉತ್ತರ ಹುಡುಕಬೇಡಿ. ಅವರಲ್ಲಿ ಕೋಡ್ ಹೋಲಿಸಿ ನೋಡುವ ಸಾಫ್ಟ್‌ವೇರ್ ಇದೆ.

ಹೆಜ್ಜೆ 6: ಗಡುವು, ಪರೀಕ್ಷೆ

ಗಡುವು ಯಾವ ಗಡಿಯಾರದ್ದು ಅಂತ ಮೊದಲ ದಿನವೇ ನೋಡಿ. 'ಎನಿವೇರ್ ಆನ್ ಅರ್ತ್' (ಭೂಮಿಯ ಮೇಲೆ ಎಲ್ಲಾದರೂ ಆ ದಿನ ಇರುವವರೆಗೆ) ಅಂದರೆ ಭಾನುವಾರ ರಾತ್ರಿ 11:59 ನಮಗೆ ಸೋಮವಾರ ಸಂಜೆ 5:29. ಅಟ್ಲಾಂಟಾ ಸಮಯ ಅಂದರೆ ಸೋಮವಾರ ಬೆಳಗ್ಗೆ 9:29. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ 10:29.

ಪರೀಕ್ಷೆಗೆ ಮುಂಚೆ ಕ್ಯಾಮೆರಾದಲ್ಲಿ ಕೋಣೆ ಸುತ್ತ ತೋರಿಸಬೇಕು. ಎರಡನೇ ಮಾನಿಟರ್ ಬಿಚ್ಚಿಡಿ. ಇನ್ವರ್ಟರಿಗೆ ಲ್ಯಾಪ್‌ಟಾಪ್ ಮಾತ್ರ ಅಲ್ಲ, ವೈಫೈ ರೂಟರನ್ನೂ ಸೇರಿಸಿ. ನಾನು ಸೇರಿಸಿರಲಿಲ್ಲ. ಮಿಡ್‌ಟರ್ಮಿನ 40ನೇ ನಿಮಿಷಕ್ಕೆ ಕರೆಂಟ್ ಹೋಯಿತು, ಲ್ಯಾಪ್‌ಟಾಪ್ ಓಡುತ್ತಿತ್ತು, ಇಂಟರ್ನೆಟ್ ಇರಲಿಲ್ಲ. ಫೋನ್ ಮುಟ್ಟುವಂತಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಮೂರನೇ ಸೀಟಿ ಹೊಡೆಯಿತು, ಅಮ್ಮ ಬಾಗಿಲು ತೆಗೆದು "ಊಟಕ್ಕೆ ಬರ್ತೀಯೇನೋ?" ಅಂದರು, ಕ್ಯಾಮೆರಾ ಎದುರಿಗೇ. ಮರುದಿನ ಕೋರ್ಸ್ ಸಿಬ್ಬಂದಿಗೆ ನಡೆದದ್ದನ್ನೆಲ್ಲ ಬರೆದು ಕಳಿಸಿದೆ, ಅಮ್ಮನ ಮಾತಿನ ಅನುವಾದದ ಸಮೇತ. ಈಗ ಪರೀಕ್ಷೆ ದಿನ ಬಾಗಿಲಿಗೆ ಒಳಗಿನಿಂದ ಚಿಲಕ.