ಮೆಷರ್ ಥಿಯರಿ ಪ್ರಾಬಬಿಲಿಟಿ ಓದೋದು ಹೇಗೆ? ಪೆನ್ನು ಹಿಡಿದು

ರಷ್ಯಾದ ಗಣಿತಜ್ಞ ಕೊಲ್ಮೊಗೊರೊವ್ 1933ರಲ್ಲಿ ಪ್ರಾಬಬಿಲಿಟಿಗೆ ಮೆಷರ್ ಥಿಯರಿಯ, ಅಂದರೆ ಗಣಗಳನ್ನು ಅಳೆಯುವ ಗಣಿತದ, ಅಡಿಪಾಯ ಹಾಕಿದರು. ನಾವು ಮಾತ್ರ ಇವತ್ತಿಗೂ ಸಿಗ್ಮಾ ಆಲ್ಜೀಬ್ರಾದಲ್ಲೇ (ಪ್ರಾಬಬಿಲಿಟಿ ಕೊಡಬಹುದಾದ ಘಟನೆಗಳ ಸಂಗ್ರಹ) ಎಡವುತ್ತೇವೆ, ಅಲ್ವಾ?

ವ್ಯಾಖ್ಯೆಯನ್ನು ಸುಮ್ನೆ ಉರು ಹೊಡೆಯಬೇಡಿ. ನಾಣ್ಯವನ್ನು ಎರಡು ಸಲ ಚಿಮ್ಮಿ. ಫಲಿತಾಂಶ 4. ಘಟನೆ ಅಂದರೆ ಫಲಿತಾಂಶಗಳ ಯಾವುದೇ ಗುಂಪು, ಹಾಗಾಗಿ ಘಟನೆಗಳು 16. ಮೊದಲ ಸಲ ಬಿದ್ದದ್ದನ್ನು ಮಾತ್ರ ನೋಡಿದವನು ಅವುಗಳಲ್ಲಿ ನಾಲ್ಕರ ಬಗ್ಗೆ ಮಾತ್ರ ಹೌದು, ಇಲ್ಲ ಎನ್ನಬಲ್ಲ: ಖಾಲಿ ಗಣ, ಪೂರ್ತಿ ಗಣ, ಮೊದಲು ಹೆಡ್, ಮೊದಲು ಟೇಲ್. ಅವನಿಗೆಷ್ಟು ಗೊತ್ತು ಅನ್ನೋ ಲೆಕ್ಕವೇ ಆ ಚಿಕ್ಕ ಸಿಗ್ಮಾ ಆಲ್ಜೀಬ್ರಾ. ಈಗ ಒಟ್ಟು ಹೆಡ್ ಸರಾಸರಿ ಎಷ್ಟು ಬರಬಹುದು ಅಂತ ಅವನನ್ನೇ ಕೇಳಿ. ಮೊದಲು ಹೆಡ್ ಬಿದ್ದಿದ್ದರೆ 1.5, ಟೇಲ್ ಆದರೆ 0.5 ಅನ್ನುತ್ತಾನೆ. ಕಂಡೀಷನಲ್ ಎಕ್ಸ್‌ಪೆಕ್ಟೇಷನ್ ಅಂದರೆ ಇದೇ: ಒಂದೇ ಸಂಖ್ಯೆಯಲ್ಲ, ರ‍್ಯಾಂಡಮ್ ವೇರಿಯಬಲ್. ನನ್ನ ತಲೆಗೆ ಇದು ಹೋಗಲು ಒಂದು ಸೆಮಿಸ್ಟರ್ ಹಿಡಿಯಿತು. ಇದು ಕೂತ ಮೇಲೆ ಮಾರ್ಟಿಂಗೇಲ್ (ಈವರೆಗಿನದು ಗೊತ್ತಿದ್ದರೆ ಮುಂದಿನದರ ಸರಾಸರಿ ಈಗಿನಷ್ಟೇ ಇರುವ ಸರಣಿ) ಅಷ್ಟು ಕಾಡಲಿಲ್ಲ.

ಪ್ರಮೇಯ ಓದುವಾಗ ಒಂದು ಷರತ್ತು ಅಳಿಸಿ, ಏನು ಮುರಿಯುತ್ತದೆ ನೋಡಿ. ಮಿತಿಯನ್ನು ಇಂಟಿಗ್ರಲ್ ಒಳಗೆ ಒಯ್ಯಲು ಬಿಡುವ ಡಾಮಿನೇಟೆಡ್ ಕನ್ವರ್ಜೆನ್ಸ್ ಪ್ರಮೇಯಕ್ಕೆ ಸೊನ್ನೆಯ ಬಲಕ್ಕೆ ಕಂಬ ನಿಲ್ಲಿಸಿ: ಎತ್ತರ 10, ಅಗಲ 1/10, ಆಮೇಲೆ 100, 1/100, ಹೀಗೇ ಮುಂದೆ. ವಿಸ್ತೀರ್ಣ ಯಾವಾಗಲೂ 1, ಆದರೆ ಯಾವ ಬಿಂದುವಿನಲ್ಲಿ ನಿಂತು ನೋಡಿದರೂ ಕಂಬ ಕೊನೆಗೆ ಮಾಯ, ಮಿತಿ 0. ಎಲ್ಲ ಕಂಬಗಳನ್ನೂ ಮುಚ್ಚುವ, ಇಂಟಿಗ್ರಲ್ ಸೀಮಿತವಾಗಿರುವ ಫಂಕ್ಷನ್ ಇಲ್ಲಿ ಸಿಗುವುದಿಲ್ಲ; ಅಳಿಸಿದ ಷರತ್ತು ಅದೇ.

ಕ್ಯಾರಥಿಯೊಡರಿ ವಿಸ್ತರಣೆಯ (ಸರಳ ಗಣಗಳ ಅಳತೆಯನ್ನು ಇಡೀ ಸಿಗ್ಮಾ ಆಲ್ಜೀಬ್ರಾಗೆ ಹಿಗ್ಗಿಸುವ ಪ್ರಮೇಯ) ಪ್ರೂಫನ್ನು ಮೊದಲ ಓದಿನಲ್ಲಿ ಹಾರಿಸಿದರೂ ನಡೆಯುತ್ತದೆ. ಸರಳ ಗಣಗಳಿಗೆ ತೋರಿಸಿದ ಗುಣವನ್ನು ಇಡೀ ಸಿಗ್ಮಾ ಆಲ್ಜೀಬ್ರಾಗೆ ಒಯ್ಯುವ ಪೈ-ಲ್ಯಾಂಬ್ಡಾ ಪ್ರಮೇಯ ಹಾರಿಸಬೇಡಿ, ಅದು ಜಾಸ್ತಿ ಸಲ ಎದುರಾಗುತ್ತದೆ.